ದ್ವೀಪದೊಳಗಿನ ಖಂಡ, ಖಂಡದಾಚೆಯ ದ್ವೀಪ

ಯಲಹಂಕದ ಪಕ್ಕದ ಅಟ್ಟೂರಿನಲ್ಲಿ ಗೃಹಪ್ರವೇಶವಾಗಲಿ, ಸತ್ಯನಾರಾಯಣ ಪೂಜೆಯಾಗಲಿ, ಪುರೋಹಿತರು ಮೊದಲು ಸಂಕಲ್ಪ ಹೇಳಿಸುತ್ತಾರೆ. ಜಂಬೂದ್ವೀಪ, ಭರತವರ್ಷ, ಭರತಖಂಡ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ತೀರ ಎಂದು ಮನೆಯ ಯಜಮಾನ ತಾನು ಕೂತ ಜಾಗವನ್ನು ದೇವರಿಗೆ ಅರಿಕೆ ಮಾಡಿಕೊಳ್ಳುತ್ತಾನೆ. ಇಲ್ಲಿ ದ್ವೀಪವೇ ದೊಡ್ಡದು. ಖಂಡ ಅದರೊಳಗಿನ ತುಂಡು. ಅದೇ ಮನೆಯ ಮಗುವಿನ ಸಮಾಜ ವಿಜ್ಞಾನ ಪುಸ್ತಕದಲ್ಲಿ ಲೆಕ್ಕ ತಿರುಗುಮುರುಗು: ಏಷ್ಯಾ ಖಂಡ, ಶ್ರೀಲಂಕಾ ದ್ವೀಪ.

ಹಳೆಯ ಲೆಕ್ಕ ಕಲ್ಪನೆಯದಾದರೂ ಅಚ್ಚುಕಟ್ಟಾದದ್ದು. ಪುರಾಣಗಳಲ್ಲಿ ಭೂಮಿಗೆ ಏಳು ದ್ವೀಪ. ಉಪ್ಪುನೀರು, ಕಬ್ಬಿನ ಹಾಲು, ತುಪ್ಪ, ಮೊಸರು ಹೀಗೆ ಒಂದೊಂದರ ಸುತ್ತ ಒಂದೊಂದು ಸಮುದ್ರ. ಜೈನರ ಭೂಗೋಳದಲ್ಲಿ ವಿಜಯಾರ್ಧ ಪರ್ವತವೂ ಗಂಗಾ, ಸಿಂಧು ನದಿಗಳೂ ಭರತಕ್ಷೇತ್ರವನ್ನು ಆರು ಖಂಡಗಳಾಗಿ ಸೀಳುತ್ತವೆ. ಪಂಪನ 'ಆದಿಪುರಾಣ'ದ ಭರತ ದಿಗ್ವಿಜಯ ಮಾಡಿದ್ದು ಈ ಷಟ್ಖಂಡಗಳ ಮೇಲೆ. ಅಮೆರಿಕಕ್ಕೆ ಹೋದ ಕನ್ನಡ ಕುಟುಂಬಗಳೂ ಈ ಲೆಕ್ಕ ಬಿಟ್ಟಿಲ್ಲ. ಅಲ್ಲಿನ ಸಂಕಲ್ಪದಲ್ಲಿ ಕ್ರೌಂಚದ್ವೀಪ, ರಮಣಕವರ್ಷ, ಐಂದ್ರಖಂಡ ಬರುತ್ತವೆ.

ಇಂಗ್ಲಿಷಿನ ಕಾಂಟಿನೆಂಟ್ ಹುಟ್ಟಿದ್ದು ಲ್ಯಾಟಿನ್ನಿನ 'ಟೆರ್ರಾ ಕಾಂಟಿನೆನ್ಸ್'ನಿಂದ. ಎಡೆಬಿಡದೆ ಕೂಡಿಕೊಂಡ ನೆಲ ಎಂದು ಅದರ ಅರ್ಥ. ದ್ವೀಪವಾಸಿಗಳಾದ ಇಂಗ್ಲಿಷರಿಗೆ ಇಂದಿಗೂ 'ದಿ ಕಾಂಟಿನೆಂಟ್' ಎಂದರೆ ಕಡಲಾಚೆಯ ಯುರೋಪು. ಆ ಮಾದರಿಯ ಭೂಗೋಳ ಕನ್ನಡ ಶಾಲೆಗೆ ಬಂದಾಗ ಅದಕ್ಕೆ ಒದಗಿದ್ದು ಖಂಡ. ಕೂಡಿದ್ದನ್ನು ಹೇಳುವ ಮಾತಿಗೆ ಕಡಿದದ್ದನ್ನು ಹೇಳುವ ಮಾತು!

ಆದರೆ ಭೂವಿಜ್ಞಾನ ನಿಂತಿರುವುದು ಕನ್ನಡದ ಕಡೆಗೇ. ಒಂದಾಗಿದ್ದ ನೆಲವೇ ಒಡೆದು ದೂರ ಸರಿಯಿತೆಂದು ಆಲ್ಫ್ರೆಡ್ ವೆಗೆನರ್ 1912ರಲ್ಲಿ ವಾದಿಸಿದ. ಭಾರತವೂ ಗೊಂಡ್ವಾನಾ ಎಂಬ ಮಹಾಭೂಭಾಗದಿಂದ ಕಳಚಿಕೊಂಡ ತುಂಡು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಆ ತುಂಡಿನ ಹಳೆಯ ತಿರುಳು. ಈ ಬಗೆಯ ಕಲ್ಲಿಗೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್. ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ.

ಒಡೆದ ಗಾಯವನ್ನೇ ನೋಡಬೇಕೆನ್ನುವವರು ಉಡುಪಿಗೆ ಹೋಗಬೇಕು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು, ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲಕ್ಕೆ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ಆರಿ ಬಿರಿದು ಆದವು. ಏಳು ಖಂಡಗಳ ಹೆಸರು ಬಾಯಿಪಾಠ ಮಾಡಿಸುವ ಮೇಷ್ಟರು ಮುಂದಿನ ಶಾಲಾ ಪ್ರವಾಸವನ್ನು ಅಲ್ಲಿಗೇ ಇಟ್ಟುಕೊಳ್ಳಲಿ.