ಭದ್ರಾ ನದಿ: ಕಳಸ ಸೀಮೆಯ ಚರಿತ್ರೆ

ಪಶ್ಚಿಮ ಘಟ್ಟದ ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುವ ಭದ್ರಾ, ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿ, ಭದ್ರಾವತಿಗಳನ್ನು ಹಾದು ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಎರಡೂ ಕೂಡಿ ತುಂಗಭದ್ರೆಯಾಗಿ ಕೃಷ್ಣೆಗೆ ಉಪನದಿಯಾಗುತ್ತವೆ. ಭದ್ರೆಯ ಆಧುನಿಕ ಚರಿತ್ರೆಯನ್ನು ಸಾಮಾನ್ಯವಾಗಿ ಕೆಳದಂಡೆಯಿಂದ ಹೇಳುವುದು ರೂಢಿ: 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, 1960ರ ದಶಕದಲ್ಲಿ ಪೂರ್ಣಗೊಂಡ ಲಕ್ಕವಳ್ಳಿಯ ಅಣೆಕಟ್ಟು, ಅದರ ನಾಲೆಗಳಿಂದ ಹಸಿರಾದ ದಾವಣಗೆರೆಯ ಬಯಲು. ಆದರೆ ಈ ನದಿಯ ಭವಿಷ್ಯ ನಿರ್ಧಾರವಾದದ್ದು ಮೇಲ್ದಂಡೆಯ ಕಾಡಿನಲ್ಲಿ.

ಆ ಮೇಲ್ದಂಡೆಯ ಕಳಸ ಹಿಂದುಳಿದ ಮೂಲೆಯಾಗಿರಲಿಲ್ಲ. ಕಳಸ-ಕಾರ್ಕಳದ ಭೈರರಸರು ಇಲ್ಲಿಂದ ಘಟ್ಟದ ಮೇಲೂ ಕೆಳಗೂ ಆಳಿದರು. ಕಳಸೇಶ್ವರ ದೇವಾಲಯ ಹಾಗೂ ಭದ್ರೆಯ ಅಂಬಾತೀರ್ಥ ಈ ಸೀಮೆಯನ್ನು ಯಾತ್ರಾಸ್ಥಳವಾಗಿಸಿದವು. ದೊಡ್ಡ ಪಲ್ಲಟ ಬಂದದ್ದು ಅದಿರಿನಿಂದ. ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲಿ ಗುರುತಿಸಿದ ನಿಕ್ಷೇಪಕ್ಕಾಗಿ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಸಂಸ್ಕರಿಸಿದ ಅದಿರು ನೀರಿನೊಂದಿಗೆ ಕೊಳವೆಯಲ್ಲಿ ಮಂಗಳೂರಿಗೆ ಹರಿಯಿತು. ಉಳಿಕೆ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ನಿಂತಿತು.

ಕೆಸರನ್ನು ಅಣೆಕಟ್ಟು ತಡೆದ ಮೇಲೆ ನದಿಗೇನು ಹಾನಿ ಎಂಬ ವಾದವಿತ್ತು. ಆದರೆ ಅಗೆದ ಗುಡ್ಡದ ಮೇಲೆ ಬೀಳುವ ಮುಂಗಾರಿನ ಮಳೆಗೆ ಅಣೆಕಟ್ಟಿನ ತಡೆಯಿಲ್ಲ; ಅಲ್ಲಿಂದ ಕೊಚ್ಚಿಬಂದ ಮಣ್ಣು ಭದ್ರೆಗೇ ಸೇರಿ ಲಕ್ಕವಳ್ಳಿಯ ಜಲಾಶಯದತ್ತ ಸಾಗಿತು. ಇಷ್ಟು ಮಳೆಯಾಗುವಲ್ಲಿ ಕಾಡಿಲ್ಲದಿದ್ದರೂ ನದಿ ಹರಿಯುತ್ತದೆ ಎಂಬ ಇನ್ನೊಂದು ಆಕ್ಷೇಪ ಮಳೆಗಾಲಕ್ಕೆ ಮಾತ್ರ ಸಲ್ಲುತ್ತದೆ. ಘಟ್ಟದ ಕಣಿವೆಗಳ ಶೋಲಾ ಕಾಡೂ ಸುತ್ತಲಿನ ಹುಲ್ಲುಗಾವಲೂ ಮಳೆಯ ನೀರನ್ನು ಮಣ್ಣಿಗಿಳಿಸಿ ತಡವಾಗಿ ಬಿಟ್ಟುಕೊಡುತ್ತವೆ. ಬೇಸಿಗೆಯ ಹರಿವಿಗೆ ಅದೇ ಆಧಾರ. ಕಂಪನಿ ಕೊಟ್ಟ ಉದ್ಯೋಗವೂ ಆದಾಯವೂ ನಿಜ, ಗಣಿ ನಿಂತಾಗ ಕುದುರೆಮುಖ ಪಟ್ಟಣ ಬರಿದಾದದ್ದೂ ನಿಜ. ಆದರೆ ಅದಿರು ಒಂದು ದಿನ ಮುಗಿಯುವಂಥದು. ನಾಲೆಯ ನೀರನ್ನು ನಂಬಿದ ರೈತನ ಅಗತ್ಯ ಮುಗಿಯುವುದಿಲ್ಲ.

1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. 2002ರ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಷ್ಟಕ್ಕೆ ಮೇಲ್ದಂಡೆಯ ಹೊಣೆ ತೀರಲಿಲ್ಲ. ಇಲ್ಲಿನ ಕಾಫಿ ತೋಟಗಳು ನೆರಳಿನ ಮರಗಳನ್ನು ಉಳಿಸಿಕೊಂಡಷ್ಟೂ ಮಣ್ಣು ನಿಲ್ಲುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ನೀರನ್ನು ಶುದ್ಧಿ ಮಾಡದೆ ಹಳ್ಳಕ್ಕೆ ಬಿಟ್ಟರೆ ಹೊಳೆ ಕೆಡುತ್ತದೆ. ಆದ್ದರಿಂದ ಭದ್ರಾ ಜಲಾಶಯದ ಲೆಕ್ಕ ಲಕ್ಕವಳ್ಳಿಯಲ್ಲಿ ಶುರುವಾಗಬಾರದು. ಕಳಸದ ಕಾಡನ್ನೂ ತೋಟವನ್ನೂ ಕಾಯುವ ವೆಚ್ಚ ಆ ನೀರನ್ನು ಬಳಸುವ ಎಲ್ಲರ ಪಾಲಿನದು.