ಪಕ್ಷಿತಜ್ಞ ಡಾ. ಸಲೀಂ ಅಲಿ ಮತ್ತು ನಮ್ಮ ರಂಗನತಿಟ್ಟು

ಭಾರತದ ಪಕ್ಷಿವಿಜ್ಞಾನಕ್ಕೆ ಭದ್ರವಾದ ತಳಹದಿ ಹಾಕಿದ ಡಾ. ಸಲೀಂ ಅಲಿಯವರ ಹೆಸರನ್ನು ಕೇಳದವರು ವಿರಳ. ಆದರೆ ಕಾವೇರಿಯ ನಡುವಿನ ರಂಗನತಿಟ್ಟು ಪಕ್ಷಿಧಾಮವಾದುದರ ಹಿಂದೆ ಅವರ ಸಲಹೆಯಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಬಾಲಕನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಗುಬ್ಬಚ್ಚಿಯ ಕತ್ತಿನಲ್ಲಿ ಹಳದಿ ಬಣ್ಣ ಕಂಡು ಅವರಿಗೆ ಕುತೂಹಲ ಹುಟ್ಟಿತು. ಅದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕೊಂಡೊಯ್ದಾಗ ಕಾರ್ಯದರ್ಶಿ ಮಿಲಾರ್ಡ್ ಅವರು ಪಕ್ಷಿಗಳ ಸಂಗ್ರಹವನ್ನೆಲ್ಲ ತೋರಿಸಿದರು. ಹುಡುಗನ ಜೀವನದ ದಾರಿ ಅಂದೇ ನಿಶ್ಚಯವಾಯಿತೆನ್ನಬೇಕು.

ಆ ದಾರಿ ಸುಗಮವಾಗಿರಲಿಲ್ಲ. ವಿಶ್ವವಿದ್ಯಾಲಯದ ಪದವಿಯಿಲ್ಲವೆಂಬ ಕಾರಣಕ್ಕೆ ಸರಕಾರಿ ಪಕ್ಷಿತಜ್ಞನ ಹುದ್ದೆ ತಪ್ಪಿತು. ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಕೆಲಸ ದೊರೆತರೂ, ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ಅಭ್ಯಾಸ ಮುಗಿಸಿ 1930ರಲ್ಲಿ ಮರಳುವ ವೇಳೆಗೆ ಆ ಹುದ್ದೆಯೂ ರದ್ದಾಗಿತ್ತು. ನಿರುದ್ಯೋಗಿಯಾಗಿ ಕಡಲತೀರದ ಕಿಹೀಮ್ ಗ್ರಾಮದಲ್ಲಿ ನೆಲೆಸಿ, ಅಲ್ಲಿಯೇ ಗೀಜುಗ ಹಕ್ಕಿಯನ್ನು ತಿಂಗಳುಗಟ್ಟಲೆ ಗಮನಿಸಿದರು. ಗಂಡು ಅರೆಬರೆ ಹೆಣೆದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸುತ್ತದೆ. ಅದು ಒಪ್ಪಿದ ಮೇಲೆಯೇ ಗಂಡು ಗೂಡನ್ನು ಪೂರ್ಣಗೊಳಿಸಿ, ಬಳಿಕ ಮತ್ತೊಂದು ಗೂಡಿಗೂ ಮತ್ತೊಂದು ಹೆಣ್ಣಿಗೂ ತೊಡಗುತ್ತದೆ. ಈ ಸಂಗತಿಯನ್ನು ವಿವರಿಸಿದ ಅವರ ಲೇಖನ ವಿದ್ವಾಂಸರ ಮನ್ನಣೆ ಗಳಿಸಿತು.

ಮುಂದೆ ಅವರು ದೇಶೀ ಸಂಸ್ಥಾನಗಳ ಪಕ್ಷಿಸಮೀಕ್ಷೆಯನ್ನು ಕೈಗೊಂಡರು. 1939ರಲ್ಲಿ ಪತ್ನಿ ತೆಹ್ಮಿನಾ ತೀರಿಕೊಂಡರು. ಆ ದುಃಖ ಆರುವ ಮುನ್ನವೇ ಅವರು ಕೈಗೊಂಡದ್ದು ಮೈಸೂರು ಸಂಸ್ಥಾನದ ಸಮೀಕ್ಷೆ. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಒಡ್ಡಿನಿಂದ ಸಣ್ಣ ನಡುಗಡ್ಡೆಗಳು ಉಂಟಾಗಿದ್ದವು. ಅಲ್ಲಿ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಗೂಡುಕಟ್ಟುವುದನ್ನು ಸಲೀಂ ಅಲಿಯವರು ಗುರುತಿಸಿ, ಆ ತಾಣವನ್ನು ರಕ್ಷಿಸುವಂತೆ ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. ಒಡ್ಡು ಕಟ್ಟಿದ್ದು ಹೊಲಗದ್ದೆಗಳ ನೀರಿಗಾಗಿ. ಅದರ ಫಲವನ್ನು ಹಕ್ಕಿಗಳೂ ಉಣ್ಣುತ್ತಿವೆಯೆಂದು ಕಂಡುಕೊಳ್ಳಲು ಇಂತಹ ಕಣ್ಣು ಬೇಕಾಯಿತು.

1941ರಲ್ಲಿ ಪ್ರಕಟವಾದ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ವರ್ಣಚಿತ್ರಗಳ ನೆರವಿನಿಂದ ಜನಸಾಮಾನ್ಯರಿಗೂ ಹಕ್ಕಿಗಳ ಪರಿಚಯ ಮಾಡಿಸಿತು. ಡಿಲನ್ ರಿಪ್ಲಿಯವರೊಡನೆ ರಚಿಸಿದ 10 ಸಂಪುಟಗಳ ಕೈಪಿಡಿ 1968ರಿಂದ 1974ರ ಅವಧಿಯಲ್ಲಿ ಹೊರಬಂದಿತು. 1983ರ ಸಚಿತ್ರ ಮಾರ್ಗದರ್ಶಿಗೆ ಜಾನ್ ಹೆನ್ರಿ ಡಿಕ್ ಚಿತ್ರ ಬರೆದರು. ಬರವಣಿಗೆಯಷ್ಟೇ ಚಿತ್ರವೂ ನಿಖರವಾಗಿರಬೇಕೆಂಬುದನ್ನು ಈ ಗ್ರಂಥಗಳು ತೋರಿಸಿಕೊಟ್ಟವು.

ಭರತಪುರ ಮತ್ತು ಸೈಲೆಂಟ್ ವ್ಯಾಲಿಗಳ ಉಳಿವಿಗೂ ಅವರು ದನಿಯೆತ್ತಿದರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಆತ್ಮಕಥೆಗೆ ಅವರಿಟ್ಟ ಹೆಸರು 'ದಿ ಫಾಲ್ ಆಫ್ ಎ ಸ್ಪ್ಯಾರೋ'. ಬಾಲ್ಯದ ಆ ಗುಬ್ಬಚ್ಚಿಯನ್ನು ಅವರು ಮರೆಯಲಿಲ್ಲ. 1987ರಲ್ಲಿ ಅವರು ನಿಧನರಾದರು.

2022ರಲ್ಲಿ ರಂಗನತಿಟ್ಟು ರಾಮ್ಸಾರ್ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ಜೌಗುಪ್ರದೇಶವಾಯಿತು. ರಜೆಯಲ್ಲಿ ಮಕ್ಕಳೊಡನೆ ಅಲ್ಲಿಗೆ ಹೋಗುವ ನಾವು, ದೋಣಿಯಲ್ಲಿ ಕುಳಿತಾಗ ಈ ಮಹನೀಯರ ಹೆಸರನ್ನೂ ಮಕ್ಕಳಿಗೆ ಹೇಳೋಣ. ನಾಲ್ಕು ಹಕ್ಕಿಗಳನ್ನಾದರೂ ಅವುಗಳ ಕನ್ನಡದ ಹೆಸರಿನಿಂದ ಗುರುತಿಸಲು ಕಲಿಸೋಣ. ಹೆಸರು ಬಲ್ಲವರಿಗೇ ಅವುಗಳ ಅಳಿವು ಉಳಿವಿನ ಚಿಂತೆ ಹತ್ತುವುದು.