ಉಪ್ಪಿನ ಸಾಹೇಬನ ಗಡಿನಾಡು

1883ರಲ್ಲಿ ಕಲ್ಕತ್ತದ ಥ್ಯಾಕರ್ ಸ್ಪಿಂಕ್ ಪ್ರಕಾಶನ 'ದಿ ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್' ಎಂಬ ಪುಸ್ತಕ ತಂದಿತು. ಎರಡನೆಯ ಅಫ್ಘಾನ್ ಯುದ್ಧ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಗಡಿ, ಬುಡಕಟ್ಟು ಎಂದರೆ ಆಗಿನ ಇಂಗ್ಲಿಷ್ ಓದುಗರಿಗೆ ನೆನಪಾಗುತ್ತಿದ್ದುದು ಖೈಬರ್ ಕಣಿವೆ. ಪುಟ ತಿರುವಿದರೆ ಕಂಡದ್ದು ಇಲಿ, ಹಲ್ಲಿ, ಇರುವೆ, ಗೆದ್ದಲು, ಕಪ್ಪೆ, ಕಾಗೆ, ಸೊಳ್ಳೆ. ಗಡಿಯೆಂದರೆ ಬಂಗಲೆಯ ಗೋಡೆ, ಅದರಾಚೆಯ ಕೈತೋಟ.

ಬರೆದವನು ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. ಓದುಗರಿಗೆ 'ಇಎಚ್ಎ' ಎಂಬ ಮೂರಕ್ಷರ. 1851ರಲ್ಲಿ ಸಾತಾರದಲ್ಲಿ ಹುಟ್ಟಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಲ್ಯಾಟಿನ್ ಕಲಿಸಿ, 1876ರಲ್ಲಿ ಮುಂಬಯಿ ಪ್ರಾಂತ್ಯದ ಸುಂಕ ಮತ್ತು ಉಪ್ಪಿನ ಇಲಾಖೆ ಸೇರಿದ. ಪುಸ್ತಕದ ಹಿನ್ನೆಲೆ ಕಛ್‌ನ ಕಿರಿಯ ರಣದಂಚಿನ ಖಾರಾಘೋಡಾ. ಧೂಳು, ಬಿಸಿಲು, ಉಪ್ಪು; ಹುಲಿ ಬೇಟೆಯ ಕಥೆಗೆ ಒದಗುವ ಊರಲ್ಲ. ದೊಡ್ಡ ಪ್ರಾಣಿಗಳಿಲ್ಲದ ಕಡೆ ಕಣ್ಣು ಸಣ್ಣವುಗಳ ಮೇಲೆ ನೆಟ್ಟಿತು.

ಅದೇ ವರ್ಷ ಸೆಪ್ಟೆಂಬರ್ 15ರಂದು ಬೈಕುಲ್ಲಾದ ವಸ್ತುಸಂಗ್ರಹಾಲಯದಲ್ಲಿ, ಅಂದರೆ ಈಗಿನ ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನಲ್ಲಿ, ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದರು. ಏಟ್ಕನ್ ಅವರಲ್ಲೊಬ್ಬ. ಡಾ. ಆತ್ಮಾರಾಮ ಪಾಂಡುರಂಗ, ಡಾ. ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯರೂ ಇದ್ದರು.

ಈ ಕಣ್ಣಿಗೆ ಇನ್ನೊಂದು ಮುಖವಿತ್ತು. 1889ರ 'ಬಿಹೈಂಡ್ ದಿ ಬಂಗಲೋ'ದಲ್ಲಿ ಅಡಿಗೆಯವ, ಧೋಬಿ, ಮಾಲಿ, ಆಯಾ ಎಲ್ಲರೂ ಕೀಟಗಳ ಹಾಗೆಯೇ ಒಂದೊಂದು 'ಜಾತಿಯ ಜೀವಿ'ಗಳಾಗಿ ಬರುತ್ತಾರೆ. ಹಾಸ್ಯ ಚೆನ್ನಾಗಿದೆ, ಇಂದು ಓದಿದರೆ ಇರಿಸುಮುರಿಸೂ ಆಗುತ್ತದೆ. ಹಲ್ಲಿಯನ್ನು ನೋಡಿದ ತಾಳ್ಮೆಯಿಂದ ಮಾಲಿಯನ್ನು ನೋಡಿದರೆ ಸಾಲದು. ಮಾಲಿಗೆ ಮಾತು ಬರುತ್ತದೆ, ತೋಟದ ಹುಳುಗಳ ವಿಚಾರ ಅವನಿಗೂ ಗೊತ್ತಿರುತ್ತದೆ.

ಏಟ್ಕನ್‌ನ ಗಟ್ಟಿ ಕೆಲಸ ಆದದ್ದು ಕಾರವಾರದಲ್ಲಿ. ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಕಲೆಕ್ಟರ್ ಜೆ. ಡೇವಿಡ್ಸನ್ ಜೊತೆಗೂಡಿ 1890ರ ದಶಕದಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಸಾಲು ಲೇಖನಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ಆ ಕಾಲದ ಹೆಚ್ಚಿನವರಿಗೆ ಚಿಟ್ಟೆ ಎಂದರೆ ಸೂಜಿಗೆ ಚುಚ್ಚಿ ಪೆಟ್ಟಿಗೆಯಲ್ಲಿಡುವ ರೆಕ್ಕೆ. ಈ ಮೂವರು ಕಂಬಳಿಹುಳು ತಂದು, ಅದು ತಿನ್ನುವ ಸೊಪ್ಪನ್ನೇ ಹಾಕಿ ಸಾಕಿದರು. ಯಾವ ಹುಳುವಿಗೆ ಯಾವ ಗಿಡ, ಕೋಶ ಹೇಗಿರುತ್ತದೆ ಎಂದು ಬರೆದಿಟ್ಟರು. ಇದು ಹಿತ್ತಿಲಲ್ಲಿ ಯಾರೂ ಮಾಡಬಹುದಾದ ಕೆಲಸ. ಪುಣೆಯ ಬಾಲ್ಕನಿಯ ಕರಿಬೇವಿನ ಕುಂಡದಲ್ಲೂ ಕಾಮನ್ ಮಾರ್ಮನ್ ಚಿಟ್ಟೆ ಮೊಟ್ಟೆಯಿಡುತ್ತದೆ. ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಬೆಳೆದ ಮೇಲೆ ಎಲೆಯಂತೆ ಹಸಿರಾಗುತ್ತದೆ. ಬೆಲ್ ನಿವೃತ್ತನಾದ ಮೇಲೂ ಕಾರವಾರ ಬಿಡಲಿಲ್ಲ, 1948ರಲ್ಲಿ ಸಾಯುವವರೆಗೂ.

ಸೊಳ್ಳೆಯ ವಿಚಾರ ಮಾತ್ರ ತಮಾಷೆಯಾಗಿ ಉಳಿಯಲಿಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡ. 1902ರಲ್ಲಿ ಏಟ್ಕನ್‌ಗೆ ಸರ್ಕಾರ ಹೊಸ ಕೆಲಸ ಕೊಟ್ಟಿತು: ಗೋವಾ ಗಡಿಯ ಸುಂಕದ ಕಟ್ಟೆಗಳಲ್ಲಿ ಜ್ವರ ಎಷ್ಟಿದೆ ನೋಡಬೇಕು, ಉಪ್ಪಿನ ಪ್ಯೂನುಗಳನ್ನು ಅನಾಫಿಲಿಸ್ ಸೊಳ್ಳೆಗಳಿಂದ ದೂರ ಇರಿಸುವ ದಾರಿ ಹುಡುಕಬೇಕು. ಈ ಸಲ ಗಡಿ ನಿಜವಾದ ಗಡಿ. ಕಾಯಿಲೆ ಬೀಳುತ್ತಿದ್ದವರು ಸಾಹೇಬರಲ್ಲ, ಕಾವಲಿಗೆ ನಿಂತ ಸಣ್ಣ ಸಂಬಳದ ಜನ.

ಆ ತಿರುಗಾಟದಲ್ಲಿ ಆತನಿಗೆ ಹೊಸ ಜಾತಿಯ ಸೊಳ್ಳೆಯೊಂದು ಸಿಕ್ಕಿತು. ಮೇಜರ್ ಜೇಮ್ಸ್ ಎಂಬ ವೈದ್ಯಾಧಿಕಾರಿ ಅದಕ್ಕೆ ಅನಾಫಿಲಿಸ್ ಏಟ್ಕೆನಿ ಎಂದು ಹೆಸರಿಟ್ಟ. ಭಾರತದಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಗಳ ಪಟ್ಟಿಯಲ್ಲಿ ಅದು ಇಲ್ಲ.